ಕೃತಿ ಮುಗಿಯುವುದು ಯಾವಾಗ?

ಕಳೆದ ತಿಂಗಳು ತರುಣರೊಬ್ಬರು ಈ ಪುರವಣಿಗೆ ಒಂದು ಕವನವನ್ನು ಕಳುಹಿಸಿದ್ದರು. ಕವನದೊಡನೆ ಒಂದು ಪತ್ರವೂ ಇತ್ತು. "ಇದನ್ನು ಹನ್ನೊಂದು ಸಲ ತಿದ್ದಿದ್ದೇನೆ. ಇನ್ನೂ ತಿದ್ದಬೇಕೋ, ಇಲ್ಲಿಗೆ ನಿಲ್ಲಿಸಬೇಕೋ ತಿಳಿಯದು. ತಾವು ಅಚ್ಚು ಮಾಡಿದರೆ ಕವನ ಮುಗಿಯಿತೆಂದು ಭಾವಿಸುತ್ತೇನೆ" ಎಂದು ಅವರು ಬರೆದಿದ್ದರು. ವಿನಯದ ಮಾತು, ಕೇಳುವುದಕ್ಕೆ ಇಂಪಾದ ಮಾತು. ಸಂಪಾದಕನೆನಿಸಿಕೊಂಡವನಿಗೆ ಇದಕ್ಕಿಂತ ಹೆಚ್ಚಿನ ಗೌರವ ಇನ್ನೇನು ಬೇಕು? ಆದರೂ ಪತ್ರವನ್ನು ಮಡಿಸಿಟ್ಟ ಮೇಲೆ ನನಗೆ ನೆಮ್ಮದಿಯಾಗಲಿಲ್ಲ. ಒಂದು ಕೃತಿ ಮುಗಿಯಿತೆಂದು ಹೇಳುವ ಅಧಿಕಾರ ಯಾರದು? ಬರೆದವನದೋ, ಅಚ್ಚು ಹಾಕುವವನದೋ, ಕೊಳ್ಳುವವನದೋ?

ನಾಲ್ಕಾರು ದಿನ ಈ ಪ್ರಶ್ನೆ ತಲೆಯಲ್ಲಿ ಸುಳಿಯುತ್ತಲೇ ಇತ್ತು. ಅದಕ್ಕೆ ಸಂಬಂಧಿಸಿದ ಒಂದು ಪ್ರಸಂಗ ನನಗೆ ಸಿಕ್ಕಿದ್ದು ಕಾವ್ಯಮೀಮಾಂಸೆಯ ಗ್ರಂಥಗಳಲ್ಲಲ್ಲ; ಇಂಗ್ಲೆಂಡಿನ ಒಂದು ರಾಕ್ ಸಂಗೀತ ಮೇಳದ ಚರಿತ್ರೆಯಲ್ಲಿ. ವಾಚಕರು ಹುಬ್ಬೇರಿಸಬಹುದು. ರಾಕ್ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಗದ್ದಲ, ಕೇಕೆ, ಕುಣಿತ. ನನಗೂ ಬಹುಕಾಲ ಅದೇ ಅಭಿಪ್ರಾಯವಿತ್ತು. ಆ ಸಂಗೀತದಲ್ಲಿಯೇ ಕಲಾತ್ಮಕವಾದ ರಚನೆಗೆ, ಹೊಸ ರೂಪಗಳ ಹುಡುಕಾಟಕ್ಕೆ ಮನಸ್ಸು ಕೊಟ್ಟ ಒಂದು ಶಾಖೆಯಿದೆ, ಅದನ್ನು ಆರ್ಟ್ ರಾಕ್ ಎಂದು ಕರೆಯುತ್ತಾರೆ ಎಂಬುದನ್ನು ನನಗೆ ತಿಳಿಸಿದವರು ನನ್ನ ಹಳೆಯ ವಿದ್ಯಾರ್ಥಿಯೊಬ್ಬರು. ಅವರು ತಂದುಕೊಟ್ಟ ಧ್ವನಿಮುದ್ರಿಕೆಯ ಹೆಸರು 'ಸ್ಪಿರಿಟ್ ಆಫ್ ಈಡನ್', ಎಂದರೆ 'ಈಡನ್ನಿನ ಚೇತನ'. ಬೈಬಲ್ಲಿನಲ್ಲಿ ಬರುವ ಆದಿಮಾನವರ ಉದ್ಯಾನವೇ ಈ ಈಡನ್. ಅದನ್ನು ರಚಿಸಿದ ಮೇಳದ ಹೆಸರು 'ಟಾಕ್ ಟಾಕ್'. ಅದು ಹೊರಬಂದದ್ದು ೧೯೮೮ರ ಸೆಪ್ಟೆಂಬರಿನಲ್ಲಿ.

ಒಂದು ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಅದನ್ನು ಕೇಳಲು ಕುಳಿತೆ. ಮೊದಲು ಏನೂ ಕೇಳಿಸಲಿಲ್ಲ. ಯಂತ್ರ ಕೆಟ್ಟಿರಬೇಕೆಂದು ಎದ್ದುಹೋಗಿ ಧ್ವನಿಯನ್ನು ಹೆಚ್ಚಿಸಿದೆ. ಎಲ್ಲೋ ದೂರದಲ್ಲಿ ಬಾಯಿ ಮುಚ್ಚಿದ ಟ್ರಂಪೆಟ್ಟಿನ ಒಂದು ಎಳೆ, ತಂತಿವಾದ್ಯಗಳ ಒಂದು ದೀರ್ಘಸ್ವರ, ಆಮೇಲೆ ಹೆಸರು ಹೇಳಲಾಗದ ಒಂದು ಗುಣುಗು. ಎರಡು ನಿಮಿಷ ಕಳೆದರೂ ತಾಳವಿಲ್ಲ, ಹಾಡೂ ಇಲ್ಲ. ಅನಂತರ ಗಿಟಾರು ಮೆಲ್ಲನೆ ಹೆಜ್ಜೆಯಿಟ್ಟಿತು. ತುಸು ಹೊತ್ತಿನ ಮೇಲೆ ಮೌತ್ ಆರ್ಗನ್ ಇದ್ದಕ್ಕಿದ್ದಂತೆ ಕಿರುಚಿತು. ಮೊದಲೇ ಧ್ವನಿ ಹೆಚ್ಚಿಸಿಟ್ಟಿದ್ದ ನಾನು ಬೆಚ್ಚಿಬಿದ್ದು ಮತ್ತೆ ತಗ್ಗಿಸಿದೆ. ಈ ಕೃತಿಯನ್ನು ಕೇಳುವುದಕ್ಕೆ ಮೊದಲು ಅದರ ಮೌನಕ್ಕೆ ಕಿವಿಯನ್ನು ಪಳಗಿಸಿಕೊಳ್ಳಬೇಕೆಂಬುದು ಆಗ ತಿಳಿಯಿತು. ಹಾಡುಗಾರನ ಕಂಠವೂ ಹಾಗೆಯೇ: ಪಕ್ಕದಲ್ಲಿ ಕುಳಿತು ತನಗೆ ತಾನೇ ಹೇಳಿಕೊಳ್ಳುವವನಂತೆ, ಅರ್ಧ ಮಾತು ಕೇಳಿಸುತ್ತದೆ, ಅರ್ಧ ಉಸಿರಿನಲ್ಲಿ ಕರಗುತ್ತದೆ. ನಲವತ್ತೊಂದು ನಿಮಿಷದಷ್ಟು ಕಾಲ ನಡೆಯುವ ಈ ಧ್ವನಿಮುದ್ರಿಕೆಯಲ್ಲಿ ಇರುವುದು ಆರೇ ರಚನೆಗಳು. ಮೊದಲಿನ ಮೂರು ಒಂದರೊಳಗೊಂದು ಹರಿದು ಒಂದೇ ದೀರ್ಘ ರಚನೆಯಂತೆ ತೋರುತ್ತವೆ.

ಈ ಮೇಳ ಮೊದಲಿನಿಂದಲೂ ಹೀಗಿರಲಿಲ್ಲ. ಅದು ಹುಟ್ಟಿದ್ದು ೧೯೮೧ರಲ್ಲಿ, ಲಂಡನ್ನಿನಲ್ಲಿ. ಹಾಡುಗಾರ ಮಾರ್ಕ್ ಹಾಲಿಸ್, ಡ್ರಮ್ ಬಾರಿಸುವ ಲೀ ಹ್ಯಾರಿಸ್, ಬೇಸ್ ಗಿಟಾರಿನ ಪಾಲ್ ವೆಬ್, ಕೀಲಿಮಣೆಯ ಸೈಮನ್ ಬ್ರೆನ್ನರ್ ಎಂಬ ನಾಲ್ವರು ತರುಣರು ಕೂಡಿ ಕಟ್ಟಿದ ಮೇಳ. ಇ.ಎಂ.ಐ. ಎಂಬ ಪ್ರಸಿದ್ಧ ಸಂಸ್ಥೆ ಇವರೊಡನೆ ಕರಾರು ಮಾಡಿಕೊಂಡಿತು. ಆ ಸಂಸ್ಥೆಗೆ ಆಗ ಡುರಾನ್ ಡುರಾನ್ ಎಂಬ ಇನ್ನೊಂದು ಮೇಳ ಒಳ್ಳೆಯ ಹಣವನ್ನೂ ಹೆಸರನ್ನೂ ತಂದುಕೊಡುತ್ತಿತ್ತು. ಹೊಸಬರ ಹೆಸರೂ ಹಾಗೆಯೇ ಜೋಡಿಪದ. ೧೯೮೨ರ ಇವರ ಮೊದಲ ಧ್ವನಿಮುದ್ರಿಕೆಯ ನಿರ್ಮಾಪಕರೂ ಆ ಮೇಳದವರೇ ಆದ ಕಾಲಿನ್ ಥರ್ಸ್ಟನ್. ಹೀಗಿರಲು ಜನ ಇವರನ್ನು ಅವರ ನೆರಳೆಂದು ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

೧೯೮೪ರಲ್ಲಿ ಎರಡನೆಯ ಧ್ವನಿಮುದ್ರಿಕೆ 'ಇಟ್ಸ್ ಮೈ ಲೈಫ್' ಬಂತು. ಆ ವೇಳೆಗೆ ಬ್ರೆನ್ನರ್ ಮೇಳವನ್ನು ಬಿಟ್ಟಿದ್ದರು. ಟಿಮ್ ಫ್ರೀಸ್-ಗ್ರೀನ್ ಎಂಬವರು ನಿರ್ಮಾಪಕರಾಗಿ ಬಂದು, ಹಾಲಿಸರೊಡನೆ ಕೂಡಿ ಹಾಡುಗಳನ್ನು ರಚಿಸತೊಡಗಿದರು. ೧೯೮೬ರ 'ದಿ ಕಲರ್ ಆಫ್ ಸ್ಪ್ರಿಂಗ್' ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ೮ನೆಯ ಸ್ಥಾನಕ್ಕೇರಿತು. ಯೂರೋಪಿನ ಊರೂರುಗಳಲ್ಲಿ ಕಛೇರಿಗಳಾದವು. ಮುಂದಿನ ಕೃತಿಗೆ ಸಂಸ್ಥೆ ಕೈ ಬಿಚ್ಚಿ ಹಣ ಕೊಟ್ಟಿತು, ಕಾಲಾವಕಾಶವನ್ನೂ ಕೊಟ್ಟಿತು. ಜನಪ್ರಿಯತೆ ಸಂಪಾದಿಸಿಕೊಟ್ಟ ಈ ಬಿಡುವನ್ನು ಕಲಾವಿದರು ಬಳಸಿಕೊಂಡದ್ದು ಜನಪ್ರಿಯತೆಯ ದಾರಿಯನ್ನೇ ಬಿಟ್ಟು ನಡೆಯುವುದಕ್ಕೆ. ಕಥೆಯ ಸ್ವಾರಸ್ಯವೂ ತೊಡಕೂ ಇಲ್ಲಿಂದಲೇ ಮೊದಲಾಗುತ್ತವೆ.

ಉತ್ತರ ಲಂಡನ್ನಿನಲ್ಲಿ ವೆಸೆಕ್ಸ್ ಎಂಬ ಸ್ಟುಡಿಯೋ ಇತ್ತು. ಅದು ಮೊದಲು ಚರ್ಚಿಗೆ ಸೇರಿದ ಸಭಾಭವನ. ಕಿಂಗ್ ಕ್ರಿಮ್ಸನ್ ಮೇಳದ ೧೯೬೯ರ ಮೊದಲ ಧ್ವನಿಮುದ್ರಿಕೆ, ೧೯೭೭ರಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬವರ ಅಬ್ಬರದ ಹಾಡುಗಳು, ೧೯೭೯ರಲ್ಲಿ ಕ್ಲಾಶ್ ಮೇಳದ 'ಲಂಡನ್ ಕಾಲಿಂಗ್', ಇವೆಲ್ಲ ಧ್ವನಿಮುದ್ರಣಗೊಂಡದ್ದು ಅಲ್ಲಿಯೇ. ೧೯೮೭ರಲ್ಲಿ ಹಾಲಿಸರೂ ಫ್ರೀಸ್-ಗ್ರೀನರೂ ಅಲ್ಲಿ ಬೀಡುಬಿಟ್ಟರು. ಧ್ವನಿಮುದ್ರಣದ ಹೊಣೆ ಹೊತ್ತವರು ಫಿಲ್ ಬ್ರೌನ್. ಅವರು ಆ ದಿನಗಳನ್ನು ಕುರಿತು ಮುಂದೆ ವಿವರವಾಗಿ ಬರೆದಿದ್ದಾರೆ. ೨೦೧೦ರಲ್ಲಿ ಅವರ ನೆನಪುಗಳು ಪುಸ್ತಕವಾಗಿಯೂ ಬಂದಿವೆ.

ಅವರ ವರ್ಣನೆಯನ್ನು ಓದಿದರೆ ಸ್ಟುಡಿಯೋ ಎನ್ನುವುದಕ್ಕಿಂತ ಅದೊಂದು ಗುಹೆಯೆನಿಸುತ್ತದೆ. ಬೆಳಕನ್ನೆಲ್ಲ ಮುಚ್ಚಿದ್ದರು. ಗೋಡೆಯ ಮೇಲೆ ಬಣ್ಣದ ಎಣ್ಣೆ ತೇಲಾಡುವಂತೆ ತೋರಿಸುವ ಒಂದು ದೀಪ, ಆಗಾಗ ಮಿಣುಕುವ ಇನ್ನೊಂದು ದೀಪ, ಇಷ್ಟೇ. ಹಗಲೋ ರಾತ್ರಿಯೋ ತಿಳಿಯದು. ದಿನಕ್ಕೆ ಹನ್ನೆರಡು ಗಂಟೆಯ ಹಾಗೆ ತಿಂಗಳುಗಟ್ಟಲೆ ಆ ಕತ್ತಲೆಯಲ್ಲಿ ಅವೇ ಆರು ರಚನೆಗಳನ್ನು ಕೇಳುತ್ತ ಕುಳಿತದ್ದು ಮನಸ್ಸಿಗೆ ಬಹಳ ಭಾರವಾಯಿತೆಂದು ಬ್ರೌನ್ ಹೇಳುತ್ತಾರೆ.

ಹೊರಗಿನಿಂದ ಅನೇಕ ವಾದ್ಯಗಾರರನ್ನು ಕರೆಸಿದರು. ಪಿಟೀಲಿಗೆ ನೈಜೆಲ್ ಕೆನಡಿ, ಡಬಲ್ ಬೇಸಿಗೆ ಡ್ಯಾನಿ ಥಾಂಪ್ಸನ್, ಟ್ರಂಪೆಟ್ಟಿಗೆ ಹೆನ್ರಿ ಲೌಥರ್, ಮೌತ್ ಆರ್ಗನ್ನಿಗೆ ಮಾರ್ಕ್ ಫೆಲ್ಥಮ್, ಗಿಟಾರಿನ ಜಾತಿಯ ಡೋಬ್ರೋಗೆ ರಾಬಿ ಮೆಕಿಂಟಾಷ್. ತಾನೇ ಮಾಡಿಕೊಂಡ ವಿಚಿತ್ರ ವಾದ್ಯಗಳನ್ನು ಹಿಡಿದು ಹ್ಯೂ ಡೇವಿಸ್. ಚೆಲ್ಮ್ಸ್‌ಫರ್ಡ್ ಊರಿನ ಕೆಥೀಡ್ರಲ್ಲಿನ ಗಾಯಕವೃಂದವೂ ಬಂತು. ಬಂದವರ ಮುಂದೆ ಸ್ವರಲಿಪಿಯ ಹಾಳೆಯನ್ನಿಡುತ್ತಿರಲಿಲ್ಲ. ವಾದ್ಯಗಾರರನ್ನು ಕತ್ತಲೆಯೊಳಗೆ ಕರೆದೊಯ್ದು, ಕಿವಿಗೆ ಹೆಡ್‌ಫೋನ್ ಹಾಕಿ, ಆಗಲೇ ಮುದ್ರಿಸಿದ್ದಷ್ಟನ್ನು ಕೇಳಿಸಿ, ತೋಚಿದಂತೆ ನುಡಿಸಿರೆಂದು ಹೇಳುತ್ತಿದ್ದರು. ಮಾತುಕತೆ ಬಹು ಕಡಮೆ. ಅವರು ಗಂಟೆಗಟ್ಟಲೆ ನುಡಿಸಿ ಹೋದ ಮೇಲೆ ನಿಜವಾದ ಕೆಲಸ ಆರಂಭವಾಗುತ್ತಿತ್ತು. ಆ ರಾಶಿಯಲ್ಲಿ ಎಲ್ಲೋ ಒಂದು ತುಣುಕು, ಕೆಲವೇ ಸ್ವರಗಳು ಉಳಿಯುತ್ತಿದ್ದುವು; ಬಹುಪಾಲನ್ನು ಅಳಿಸಿಬಿಡುತ್ತಿದ್ದರು.

ಇದು ಹೇಗೆ ಸಾಧ್ಯವೆಂಬುದನ್ನು ಒಂದೆರಡು ಮಾತಿನಲ್ಲಿ ಹೇಳಬೇಕು. ಕಛೇರಿಯಲ್ಲಿ ಎಲ್ಲ ವಾದ್ಯಗಳೂ ಒಟ್ಟಿಗೆ ನುಡಿಯುತ್ತವೆ; ಒಮ್ಮೆ ಹೊರಟ ಸ್ವರವನ್ನು ಹಿಂದಕ್ಕೆ ಕರೆಯಲಾಗದು. ಇಂಥ ಸ್ಟುಡಿಯೋದಲ್ಲಿ ಹಾಗಲ್ಲ. ಅಲ್ಲಿಯ ಟೇಪಿನಲ್ಲಿ ಅಕ್ಕಪಕ್ಕದಲ್ಲಿ ಅನೇಕ ಪಥಗಳಿರುತ್ತವೆ. ಒಂದೊಂದು ವಾದ್ಯವೂ ಒಂದೊಂದು ಪಥದಲ್ಲಿ ನಿಲ್ಲುತ್ತದೆ. ಜನವರಿಯಲ್ಲಿ ನುಡಿಸಿದ ಪಿಟೀಲಿನ ಪಕ್ಕದಲ್ಲಿ ಜೂನಿನಲ್ಲಿ ಊದಿದ ಟ್ರಂಪೆಟ್ಟನ್ನು ಇಡಬಹುದು. ಒಂದನ್ನು ತೆಗೆದು ಇನ್ನೊಂದನ್ನು ಉಳಿಸಬಹುದು. ಈ ಸೌಕರ್ಯವನ್ನು ಬಹುಜನ ಬಳಸುವುದು ತುಂಬುವುದಕ್ಕೆ: ಇನ್ನೊಂದು ವಾದ್ಯ, ಮತ್ತೊಂದು ಕಂಠ, ಮೇಲೆ ಮತ್ತಷ್ಟು ಬಣ್ಣ. ಇವರು ಬಳಸಿದ್ದು ತೆಗೆಯುವುದಕ್ಕೆ. ನೂರು ಕೊಡ ಹಾಲನ್ನು ಕಾಯಿಸಿ ಒಂದು ಬಟ್ಟಲು ಖೋವ ಮಾಡಿದಂತೆ.

ಮುಂದೆ ೧೯೯೮ರಲ್ಲಿ ಹಾಲಿಸರು ಸಂದರ್ಶನವೊಂದರಲ್ಲಿ ತಮ್ಮ ಮತವನ್ನು ಬಿಚ್ಚಿ ಹೇಳಿದರು. ಎರಡು ಸ್ವರಕ್ಕಿಂತ ಒಂದು ಸ್ವರ ತಮಗೆ ಪ್ರಿಯ, ಒಂದು ಸ್ವರಕ್ಕಿಂತ ಮೌನ ಪ್ರಿಯ ಎಂಬುದು ಅದರ ತಾತ್ಪರ್ಯ. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆದರೆ 'ಮಾತು ಮಾತು' ಎಂಬ ಅರ್ಥದ ಹೆಸರಿಟ್ಟುಕೊಂಡ ಒಂದು ಮೇಳ, ದೊಡ್ಡ ಸಂಸ್ಥೆಯೊಂದರ ಹಣದಲ್ಲಿ ಆ ಗಾದೆಯನ್ನು ಆಚರಣೆಗೆ ತಂದಿತೆಂಬುದು ವಿಧಿಯ ವಿನೋದವೇ ಸರಿ.

ಇಲ್ಲಿ ಒಂದು ಎಚ್ಚರಿಕೆ. ಮೌನವೆಂದರೆ ಬರಿಯ ಖಾಲಿ ಜಾಗವಲ್ಲ. ಬರೆಯಲು ಏನೂ ಇಲ್ಲದವನ ಹಾಳೆಯೂ ಖಾಲಿಯೇ; ಬರೆದು ಅಳಿಸಿದವನ ಹಾಳೆಯೂ ಖಾಲಿಯೇ. ಎರಡೂ ಒಂದೇ ಅಲ್ಲ. ಈ ಧ್ವನಿಮುದ್ರಿಕೆಯ ಐದನೆಯ ರಚನೆ 'ಐ ಬಿಲೀವ್ ಇನ್ ಯೂ' ಎಂಬುದು. ಹೆರಾಯಿನ್ ಎಂಬ ಮಾದಕ ವಸ್ತು ಮನುಷ್ಯನ ಬಾಳನ್ನು ಸುಡುವುದೇ ಅದರ ವಸ್ತು. ಡ್ರಮ್ಮಿನ ಪೆಟ್ಟು ಆದಿಯಿಂದ ಅಂತ್ಯದವರೆಗೆ ಅವಸರವಿಲ್ಲದೆ, ನಿಲುಗಡೆಯಿಲ್ಲದೆ ನಡೆಯುತ್ತದೆ. ಉಪದೇಶವಿಲ್ಲ, ಗೋಳಾಟವಿಲ್ಲ. ನಡುವೆ ಗಾಯಕವೃಂದದ ಕಂಠಗಳು ಎಲ್ಲಿಂದಲೋ ಏಳುತ್ತವೆ. ಆ ಕ್ಷಣದವರೆಗೂ ಅವು ಬಂದಿರಲಿಲ್ಲವಾದ್ದರಿಂದಲೇ ಅವಕ್ಕೆ ಅಷ್ಟು ಶಕ್ತಿ. ಹೇಳದೆ ಉಳಿಸಿದ್ದರಿಂದ ಹೇಳಿದ್ದಕ್ಕೆ ಕಾವು ಬರುತ್ತದೆಂಬುದನ್ನು ಧ್ವನಿತತ್ತ್ವವನ್ನು ಓದಿದ ನಮ್ಮ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆನಂದವರ್ಧನನ ಹೆಸರನ್ನೇ ಕೇಳದ ಜನ ತಮ್ಮ ದಾರಿಯಲ್ಲಿ ತಾವು ನಡೆದು ಅಲ್ಲಿಗೇ ಬಂದರೆಂಬುದಷ್ಟೇ ನನಗೆ ಸಂತೋಷ.

ಈಗ ನ್ಯಾಯಾಲಯದ ಪ್ರಸಂಗಕ್ಕೆ ಬರುತ್ತೇನೆ. ಸಂಸ್ಥೆಗೂ ಮೇಳಕ್ಕೂ ನಡುವೆ ಆ ವೇಳೆಗೆ ವಿಶ್ವಾಸ ಸಡಿಲಿತ್ತು. ಮೇಳದ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ಕೀತ್ ಆಸ್ಪ್‌ಡೆನ್ ಕರಾರಿನಿಂದ ಬಿಡುಗಡೆಯ ದಾರಿಯನ್ನು ಹುಡುಕುತ್ತಿದ್ದರು. ಕೆಲಸ ಮುಗಿದು, ೧೯೮೮ರಲ್ಲಿ ಸಂಸ್ಥೆಯವರು ಕೃತಿಯನ್ನು ಕೇಳಿದಾಗ ಅವರಿಗೆ ಗಾಬರಿಯಾಯಿತು. ರೇಡಿಯೋದಲ್ಲಿ ಹಾಕಬಹುದಾದ ಹಾಡೆಲ್ಲಿ? ಒಂದು ಹಾಡನ್ನಾದರೂ ಮತ್ತೆ ಮುದ್ರಿಸಿ, ಇಲ್ಲವೆ ಬದಲಿಸಿ ಕೊಡಿ ಎಂದು ಸೂಚಿಸಿದರು. ಹಾಲಿಸರು ಒಪ್ಪಲಿಲ್ಲ. ಕೊನೆಗೆ ಸಂಸ್ಥೆ ಇದ್ದದ್ದನ್ನು ಇದ್ದಂತೆ ಸ್ವೀಕರಿಸಿತು.

ಧ್ವನಿಮುದ್ರಿಕೆ ಮಾರಾಟವಾಗಲಾರದೆಂದು ಸಂಸ್ಥೆಯವರು ಕಲಾವಿದರ ಮೇಲೆ ದಾವೆ ಹೂಡಿದರೆಂದು ಒಂದು ಕಥೆ ಸಂಗೀತಲೋಕದಲ್ಲಿ ಹರಡಿದೆ. ಹೇಳುವುದಕ್ಕೆ ರೋಚಕವಾದ ಕಥೆ. ಆದರೆ ನ್ಯಾಯಾಧೀಶರ ಮುಂದೆ ಬಂದ ವಿವಾದ ಅದಕ್ಕಿಂತ ಸೂಕ್ಷ್ಮವಾದದ್ದು. ನನ್ನ ಮಟ್ಟಿಗೆ ಅದಕ್ಕಿಂತ ಅರ್ಥವತ್ತಾದದ್ದು. ಕರಾರಿನ ಪ್ರಕಾರ, ಮೇಳವನ್ನು ಮತ್ತೆ ಉಳಿಸಿಕೊಳ್ಳಬೇಕೆಂದಿದ್ದರೆ ಸಂಸ್ಥೆ ಈ ಧ್ವನಿಮುದ್ರಿಕೆ ಮುಗಿದ ಮೂರು ತಿಂಗಳೊಳಗೆ ಲಿಖಿತವಾಗಿ ತಿಳಿಸಬೇಕಾಗಿತ್ತು. ಸಂಸ್ಥೆ ತಿಳಿಸಿತು. ತಡವಾಯಿತೆಂದು ಮೇಳ ಹೇಳಿತು. ತಡವಾಗಿಲ್ಲವೆಂದು ಸಂಸ್ಥೆ ಹೇಳಿತು. ಮೂರು ತಿಂಗಳ ಎಣಿಕೆ ಎಂದಿನಿಂದ? ಧ್ವನಿಮುದ್ರಣ ಮುಗಿದ ದಿನದಿಂದ ಎಂಬುದು ಮೇಳದ ವಾದ. ಅಲ್ಲ, ಮುದ್ರಣವಾದದ್ದು ನಮಗೆ ತೃಪ್ತಿಕರವಾದ ದಿನದಿಂದ ಎಂಬುದು ಸಂಸ್ಥೆಯ ವಾದ.

ವಾಚಕರು ಗಮನಿಸಬೇಕು. ಇಲ್ಲಿ ಕಾನೂನಿನ ಕಪ್ಪು ಅಂಗಿ ತೊಟ್ಟು ಬಂದಿರುವುದು ನನ್ನ ತರುಣ ಮಿತ್ರರು ಪತ್ರದಲ್ಲಿ ಕೇಳಿದ ಪ್ರಶ್ನೆಯೇ. ಕೃತಿ ಮುಗಿಯುವುದು ಮಾಡಿದವನು ಕೈಯೆತ್ತಿದಾಗಲೋ, ಪ್ರಕಟಿಸುವವನು ತಲೆದೂಗಿದಾಗಲೋ? ಮೊದಲು ವಿಚಾರಣೆ ನಡೆಸಿದ ನ್ಯಾಯಮೂರ್ತಿ ಆಂಡ್ರ್ಯೂ ಮಾರಿಟ್ ಅವರು ಸಂಸ್ಥೆಯ ಪರವಾಗಿ ತೀರ್ಪಿತ್ತರು. ಮೇಲ್ಮನವಿಯ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಮೇಳಕ್ಕೆ ಬಿಡುಗಡೆಯಾಯಿತು. ನ್ಯಾಯಾಲಯ ತೀರ್ಮಾನಿಸಿದ್ದು ಒಂದು ಕರಾರಿನ ವಾಕ್ಯದ ಅರ್ಥವನ್ನೇ ಹೊರತು ಕಲೆಯ ಸಿದ್ಧಾಂತವನ್ನಲ್ಲ ಎಂಬುದನ್ನು ನಾನು ಬಲ್ಲೆ. ಆದರೂ ಎರಡು ಪಕ್ಷಗಳ ವಾದಗಳನ್ನು ಎದುರುಬದುರು ಇಟ್ಟು ನೋಡಿದಾಗ ನನ್ನ ಮನಸ್ಸು ಎತ್ತ ವಾಲುತ್ತದೆಂಬುದರಲ್ಲಿ ಸಂಶಯವಿಲ್ಲ.

ಇಷ್ಟು ಹೇಳಿ ಸಂಸ್ಥೆಯವರನ್ನು ಖಳರನ್ನಾಗಿ ನಿಲ್ಲಿಸಿಬಿಡುವುದು ಸುಲಭ. ಅದು ನ್ಯಾಯವಲ್ಲ. ವರ್ಷದ ಹತ್ತಿರ ಹತ್ತಿರ ಸ್ಟುಡಿಯೋದ ಬಾಡಿಗೆಯನ್ನು, ವಾದ್ಯಗಾರರ ಸಂಭಾವನೆಯನ್ನು ಕೊಟ್ಟವರು ಅವರೇ. ಅಳಿಸಿಹಾಕಿದ ಒಂದೊಂದು ಸ್ವರಕ್ಕೂ ಹಣ ತೆತ್ತವರು ಅವರು. ಕತ್ತಲೆಯ ಕೋಣೆಯಲ್ಲಿ ಏನು ನಡೆಯುತ್ತಿದೆಯೆಂಬುದು ಅವರಿಗೆ ಸರಿಯಾಗಿ ತಿಳಿದಿರಲಿಲ್ಲ, ತಿಳಿಯಗೊಟ್ಟಿರಲೂ ಇಲ್ಲ. ಅಷ್ಟು ಧಾರಾಳವಾದ ಹಣವೂ ಬಿಡುವೂ ಇಲ್ಲದೆ ಈ ಕೃತಿ ಹೀಗೆ ಹುಟ್ಟುತ್ತಲೇ ಇರಲಿಲ್ಲ. ಅನ್ನವಿಟ್ಟವನಿಗೆ ಅಡಿಗೆಯ ರುಚಿ ಕೇಳುವ ಹಕ್ಕೂ ಇಲ್ಲವೇ ಎಂದು ಸಂಸ್ಥೆಯವರು ಕೇಳಿದರೆ ಮರುಮಾತು ಕಷ್ಟ. ಕೇಳುವ ಹಕ್ಕು ಉಂಟು. ಪ್ರಕಟಿಸುವುದಿಲ್ಲವೆಂದು ಹೇಳುವ ಹಕ್ಕೂ ಉಂಟು. ಮುಗಿದದ್ದನ್ನು ಮುಗಿದಿಲ್ಲ ಎನ್ನುವ ಹಕ್ಕು ಮಾತ್ರ ಇಲ್ಲವೆಂದು ನಾನು ತಿಳಿದಿದ್ದೇನೆ.

ಧ್ವನಿಮುದ್ರಿಕೆ ಬಿಡುಗಡೆಯಾದಾಗ ಬ್ರಿಟನ್ನಿನ ಪಟ್ಟಿಯಲ್ಲಿ ೧೯ನೆಯ ಸ್ಥಾನವನ್ನು ಮುಟ್ಟಿ, ಕೆಲವೇ ವಾರಗಳಲ್ಲಿ ಮರೆಯಾಯಿತು. ಇದನ್ನು ವೇದಿಕೆಯ ಮೇಲೆ ಮತ್ತೆ ನುಡಿಸಲಾಗದೆಂದು ಹಾಲಿಸರು ಕಛೇರಿಗಳನ್ನು ಮಾಡಲು ಒಪ್ಪಲಿಲ್ಲ. ೧೯೮೬ರ ಪ್ರವಾಸವೇ ಮೇಳದ ಕೊನೆಯ ಪ್ರವಾಸವಾಯಿತು. ಸಂಸ್ಥೆ 'ಐ ಬಿಲೀವ್ ಇನ್ ಯೂ' ರಚನೆಯನ್ನು ರೇಡಿಯೋದ ಅಳತೆಗೆ ಕತ್ತರಿಸಿ ಬೇರೆಯಾಗಿ ಹೊರತಂದಿತು. ಅದಕ್ಕಾಗಿ ತೆಗೆದ ಚಿತ್ರದಲ್ಲಿ ಕಾಣಿಸಿಕೊಂಡದ್ದು ತಪ್ಪಾಯಿತೆಂದು ಹಾಲಿಸರು ಆಮೇಲೆ ಹೇಳಿಕೊಂಡರು.

ಕತ್ತರಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೇಳ ಕೈಬಿಟ್ಟುಹೋದರೂ ಹಳೆಯ ಹಾಡುಗಳ ಒಡೆತನ ಸಂಸ್ಥೆಯಲ್ಲಿಯೇ ಉಳಿದಿತ್ತು. ೧೯೯೦ರಲ್ಲಿ ಹಳೆಯ ಜನಪ್ರಿಯ ಹಾಡುಗಳನ್ನು ಕೂಡಿಸಿ 'ನ್ಯಾಚುರಲ್ ಹಿಸ್ಟರಿ' ಎಂಬ ಸಂಕಲನವನ್ನು ತಂದರು. ಅದು ಮೇಳದ ಹಿಂದಿನ ಯಾವ ಧ್ವನಿಮುದ್ರಿಕೆಗಿಂತಲೂ ಮೇಲಿನ ಸ್ಥಾನಕ್ಕೇರಿತು. ಆ ಉತ್ಸಾಹದಲ್ಲಿ ೧೯೯೧ರಲ್ಲಿ ಬೇರೆ ಯಾರಿಂದಲೋ ಆ ಹಾಡುಗಳನ್ನು ಹೊಸದಾಗಿ ಬೆರಸಿ, ಕುಣಿತದ ತಾಳಗಳನ್ನು ಸೇರಿಸಿ, 'ಹಿಸ್ಟರಿ ರಿವಿಸಿಟೆಡ್' ಎಂಬ ಹೆಸರಿನಲ್ಲಿ ಮಾರಿದರು. ರಚಿಸಿದವರನ್ನು ಒಂದು ಮಾತು ಕೇಳಲಿಲ್ಲ. ಈ ಸಲ ನ್ಯಾಯಾಲಯದ ಬಾಗಿಲು ತಟ್ಟಿದವರು ಕಲಾವಿದರು. ಧ್ವನಿಮುದ್ರಿಕೆಯನ್ನು ಹಿಂತೆಗೆದುಕೊಂಡರು, ಉಳಿದ ಪ್ರತಿಗಳನ್ನು ನಾಶಮಾಡಿದರು. ಕೃತಿ ಮುಗಿಯಿತು ಎಂಬ ಮಾತಿಗೆ ಎರಡನೆಯ ಅರ್ಥವೊಂದು ಇಲ್ಲಿ ಹೊಳೆಯುತ್ತದೆ. ಮುಗಿದ ಕೃತಿಗೆ ಇನ್ನೊಬ್ಬರ ಕೈ ತಗುಲಬಾರದು.

ಇದನ್ನು ಓದಿದಾಗ ನನ್ನ ಮುಖ ಕೆಂಪಾಯಿತೆಂದು ಒಪ್ಪಿಕೊಳ್ಳಬೇಕು. ಅನೇಕ ವರ್ಷಗಳ ಹಿಂದೆ, ನಾನು ಈ ಕೆಲಸಕ್ಕೆ ಹೊಸಬ. ಪುಟ ಕಟ್ಟುವ ಹೊತ್ತಿಗೆ ಒಂದು ಕವನ ಅಂಕಣದಲ್ಲಿ ಹಿಡಿಸಲಿಲ್ಲ. ರಾತ್ರಿಯಾಗಿತ್ತು, ಕವಿಗೆ ತಿಳಿಸುವಷ್ಟು ವ್ಯವಧಾನವಿರಲಿಲ್ಲ ಎಂದುಕೊಂಡೆ. ಕೊನೆಯ ನಾಲ್ಕು ಸಾಲುಗಳನ್ನು ತೆಗೆದು ಅಚ್ಚಿಗೆ ಕೊಟ್ಟೆ. ತೆಗೆದದ್ದರಿಂದ ಕವನ ಬಿಗಿಯಾಯಿತೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ವಾರದ ಮೇಲೆ ಆ ಕವಿ, ಹಳ್ಳಿಯ ಶಾಲೆಯ ಉಪಾಧ್ಯಾಯರು, ಕಾರ್ಯಾಲಯಕ್ಕೆ ಬಂದರು. ಜಗಳವಾಡಲಿಲ್ಲ. "ಕವನ ಚೆನ್ನಾಗಿಯೇ ಇದೆ ಸ್ವಾಮಿ. ಆದರೆ ಅದು ನನ್ನದಲ್ಲ" ಎಂದರು. ಕಾಫಿಯನ್ನೂ ಕುಡಿಯದೆ ಹೊರಟುಹೋದರು. ಅವರಿಂದ ಮತ್ತೆ ಯಾವ ಕವನವೂ ಬರಲಿಲ್ಲ. ಆ ನಾಲ್ಕು ಸಾಲುಗಳು ಇದ್ದಿದ್ದರೆ ಕವನ ಮೇಲಾಗುತ್ತಿತ್ತೋ ಕೀಳಾಗುತ್ತಿತ್ತೋ, ಅದು ಬೇರೆಯ ಮಾತು. ತೆಗೆಯುವ ಕೈ ನನ್ನದಾಗಬಾರದಿತ್ತು.

ಹಾಲಿಸರು ಸಾವಿರಾರು ಸ್ವರಗಳನ್ನು ಅಳಿಸಿದರು. ನಾನು ನಾಲ್ಕು ಸಾಲುಗಳನ್ನು ಅಳಿಸಿದೆ. ವ್ಯತ್ಯಾಸವಿರುವುದು ಸಂಖ್ಯೆಯಲ್ಲಲ್ಲ. ಅವರು ತಮ್ಮ ಕಿವಿಗೆ ಒಪ್ಪಿಸಲು ಅಳಿಸಿದರು; ನಾನು ಅಂಕಣದ ಉದ್ದಕ್ಕೆ ಒಪ್ಪಿಸಲು ಅಳಿಸಿದೆ. ಆ ವಾದ್ಯಗಾರರು ನುಡಿಸಿದ್ದನ್ನು ಹಾಲಿಸರೂ ತೆಗೆದುಹಾಕಿದರಲ್ಲ, ಅದು ಇನ್ನೊಬ್ಬರ ಕೃತಿಯ ಮೇಲೆ ಕೈಯಿಟ್ಟಂತಾಗಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಇನ್ನೊಬ್ಬರ ರಚನೆಗೆ ಒದಗಿ ಹೋಗುವುದಕ್ಕೆಂದು ಬಂದವರು ಅವರು, ಸಂಭಾವನೆ ಪಡೆದು ತಮ್ಮ ಸ್ವರಗಳನ್ನು ಒಪ್ಪಿಸಿ ಹೋದವರು ಎಂದು ಉತ್ತರ ಕೊಡಬಹುದು. ಆದರೂ ಗಂಟೆಗಟ್ಟಲೆ ನುಡಿಸಿ ಹೋದ ಒಬ್ಬ ಒಳ್ಳೆಯ ವಾದ್ಯಗಾರ, ಧ್ವನಿಮುದ್ರಿಕೆಯನ್ನು ಕೇಳಿ ತನ್ನದು ಏನು ಉಳಿದಿದೆಯೆಂದು ಹುಡುಕಿದಾಗ ಅವನ ಮನಸ್ಸು ಹೇಗಾಗಿರಬೇಕು! ಇಂಥ ನಿಷ್ಠುರತೆ ಇಲ್ಲದೆ ಆ ಕೃತಿಯಿಲ್ಲ ಎಂಬುದೂ ನಿಜವೇ.

ಮುಂದಿನ ಕಥೆ ಚಿಕ್ಕದು. ಪಾಲ್ ವೆಬ್ ಮೇಳವನ್ನು ಬಿಟ್ಟರು. ಉಳಿದವರು ಪಾಲಿಡಾರ್ ಸಂಸ್ಥೆಯನ್ನು ಸೇರಿ, ಮತ್ತೆ ಅದೇ ವೆಸೆಕ್ಸಿನ ಕತ್ತಲೆಗೆ, ಅದೇ ಫಿಲ್ ಬ್ರೌನರೊಡನೆ ಹೋಗಿ, ೧೯೯೧ರಲ್ಲಿ 'ಲಾಫಿಂಗ್ ಸ್ಟಾಕ್' ಎಂಬ ಇನ್ನೂ ಮೌನವಾದ ಧ್ವನಿಮುದ್ರಿಕೆಯನ್ನು ತಂದರು. ಅಲ್ಲಿಗೆ ಮೇಳ ಮುಗಿಯಿತು. ೧೯೯೮ರಲ್ಲಿ ಹಾಲಿಸರು ತಮ್ಮ ಹೆಸರಿನಲ್ಲಿಯೇ ಒಂದು ಧ್ವನಿಮುದ್ರಿಕೆಯನ್ನು ಪ್ರಕಟಿಸಿದರು. ಅನಂತರ ಸಂಸಾರದೊಡನೆ ಇರಬೇಕೆಂದು ಸಂಗೀತದ ಲೋಕದಿಂದಲೇ ಹಿಂದಕ್ಕೆ ಸರಿದರು. ೨೦೧೯ರ ಫೆಬ್ರುವರಿಯಲ್ಲಿ, ತಮ್ಮ ಅರವತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡರು. ಇಷ್ಟು ದೀರ್ಘವಾದ ಮೌನವನ್ನು ಕಂಡು ಕೆಲವರು ಮರುಗುತ್ತಾರೆ. ಕೃತಿಯನ್ನು ಎಲ್ಲಿ ನಿಲ್ಲಿಸಬೇಕೆಂದು ಬಲ್ಲವರು ಕೃತಿರಚನೆಯನ್ನೇ ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಬಲ್ಲವರಾಗಿದ್ದರೆಂದು ನನಗೆ ಅನಿಸುತ್ತದೆ.

ಸೈಮನ್ ರೆನಾಲ್ಡ್ಸ್ ಎಂಬ ವಿಮರ್ಶಕರು ೧೯೯೪ರಲ್ಲಿ 'ಪೋಸ್ಟ್-ರಾಕ್' ಎಂಬ ಮಾತನ್ನು ಬಳಕೆಗೆ ತಂದರು. ರಾಕ್ ಸಂಗೀತದ ವಾದ್ಯಗಳನ್ನು ಹಿಡಿದು ರಾಕ್ ಅಲ್ಲದ ಗುರಿಯತ್ತ ನಡೆಯುವ ಸಂಗೀತವೆಂದು ಅದರ ಅರ್ಥ. ಆ ಪಂಥದ ಮೂಲವನ್ನು ಹುಡುಕುವವರಲ್ಲಿ ಅನೇಕರು ಇಂದು 'ಸ್ಪಿರಿಟ್ ಆಫ್ ಈಡನ್' ಎಂಬ ಹೆಸರಿನ ಬಳಿ ಬಂದು ನಿಲ್ಲುತ್ತಾರೆ. ಎಲ್ಬೋ ಮೇಳದ ಗೈ ಗಾರ್ವಿಯಂಥ ಮುಂದಿನ ತಲೆಮಾರಿನ ಹಾಡುಗಾರರು ಹಾಲಿಸರ ಋಣವನ್ನು ತುಂಬಿದ ಬಾಯಿಂದ ಹೇಳುತ್ತಾರೆ. ವೆಸೆಕ್ಸ್ ಸ್ಟುಡಿಯೋ ಮುಚ್ಚಿಹೋಗಿ, ಆ ಕಟ್ಟಡ ಈಗ ವಾಸದ ಮನೆಗಳಾಗಿದೆ. ಅಂದು ಯಾವ ಪಟ್ಟಿಯ ತುದಿಯಲ್ಲಿಯೂ ನಿಲ್ಲದ ಆ ಕೃತಿ ಮಾತ್ರ ಒಂದು ಸ್ವರವೂ ಬದಲಾಗದೆ ಉಳಿದಿದೆ. ಕಾಲ ಹೀಗೆ ಮನ್ನಣೆ ಕೊಟ್ಟದ್ದರಿಂದ ಹಾಲಿಸರ ಪಕ್ಷ ಸರಿಯೆಂದು ನಾನು ಹೇಳುತ್ತಿಲ್ಲ. ಮನ್ನಣೆ ದೊರೆಯದೆ ಹೋಗಿದ್ದರೂ ಅವರ ಪಕ್ಷ ಸರಿಯೇ. ಕೊಳ್ಳುವವರ ತೃಪ್ತಿಯಿಂದ ಕೃತಿ ಮುಗಿಯುವುದಿಲ್ಲ ಎಂದ ಮೇಲೆ, ಮುಂದೆ ಬರುವ ಅಭಿಮಾನಿಗಳ ತೃಪ್ತಿಯಿಂದಲೂ ಮುಗಿಯುವುದಿಲ್ಲ.

ಆದರೆ ಈ ಅಧಿಕಾರಕ್ಕೆ ಬೆಲೆಯುಂಟು. ನಾನು ಮುಗಿಸಿದೆ, ಇನ್ನು ಯಾರೂ ಮಾತಾಡಬೇಡಿ ಎಂದು ಮೊದಲ ಕರಡನ್ನೇ ಹಿಡಿದು ನಿಲ್ಲುವವನಿಗೆ ಅದು ಸಲ್ಲದು. ಹತ್ತು ಸ್ವರಗಳಲ್ಲಿ ಒಂಬತ್ತನ್ನು ತಾನೇ ಬಿಟ್ಟುಕೊಟ್ಟವನಿಗೆ ಮಾತ್ರ ಹತ್ತನೆಯದನ್ನು ಬಿಡಲಾರೆನೆಂದು ಹಟ ಹಿಡಿಯುವ ಯೋಗ್ಯತೆ ಬರುತ್ತದೆ. ವಿದ್ಯಾರ್ಥಿಗಳಾದ ನಮ್ಮ ಓದುಗರು ಕಥೆಯ ಎರಡನೆಯ ಅರ್ಧವನ್ನಷ್ಟೇ ನೆನಪಿಟ್ಟುಕೊಂಡು ಮೊದಲ ಅರ್ಧವನ್ನು ಮರೆಯಬಾರದು. ಉಪಾಧ್ಯಾಯರಾದ ಓದುಗರು ಮೊದಲ ಅರ್ಧವನ್ನು ಮಾತ್ರ ಕಲಿಸಿ ಎರಡನೆಯದನ್ನು ಮುಚ್ಚಿಡಬಾರದು.

ನನ್ನ ತರುಣ ಮಿತ್ರರಿಗೆ ಈ ವಾರ ಉತ್ತರ ಬರೆದೆ. ಕವನವನ್ನೂ ಜೊತೆಗಿಟ್ಟು ಹಿಂದಕ್ಕೆ ಕಳುಹಿಸಿದ್ದೇನೆ, ಅದು ಚೆನ್ನಾಗಿಲ್ಲವೆಂದಲ್ಲ. "ನಾನು ಅಚ್ಚು ಮಾಡಿದರೆ ಇದು ಪ್ರಕಟವಾಗುತ್ತದೆ, ಮುಗಿಯುವುದಿಲ್ಲ. ಮುಗಿಯಿತೆಂದು ತಮಗೆ ಅನಿಸಿದ ದಿನ ಕಳುಹಿಸಿರಿ. ಆಗ ನನಗೆ ಒಪ್ಪಿಗೆಯಾದರೆ ಇದ್ದಂತೆಯೇ ಹಾಕುತ್ತೇನೆ, ಇಲ್ಲವಾದರೆ ಇದ್ದಂತೆಯೇ ಮರಳಿಸುತ್ತೇನೆ" ಎಂದು ಬರೆದಿದ್ದೇನೆ. ಹಳ್ಳಿಯ ಆ ಉಪಾಧ್ಯಾಯರಿಗೆ ನಾನು ಬರೆಯಬೇಕಾಗಿದ್ದ ಪತ್ರವೂ ಇದೇ. ಬರೆಯಲು ತಡವಾಯಿತು.